ಹೆಲಿಕಾಪ್ಟರಿಗೂ ಎಫ್.ಸಿ. ಇದೆಯೇ?



ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ನಾವೆಲ್ಲ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತೇವೆ. ಅದು ಮರದ ಮರೆಗೆ ಹೋಗುವ ತನಕ ಕೈ ಬೀಸುತ್ತೇವೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನವರ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ನಿಮಗೆಲ್ಲ ಗೊತ್ತೇ ಇದೆ. 615 ಎಕರೆ ಜಾಗ. 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಬಂದು ಉದ್ಘಾಟನೆ ಮಾಡಿದರು.

ಹೆಲಿಕಾಪ್ಟರ್ ಹೇಗೆ ಹಾರುತ್ತೆ ಅಂತ ಬೇಕಾದಷ್ಟು ಪುಸ್ತಕದಲ್ಲಿ ಬರೆದಿದ್ದಾರೆ. ಆದರೆ ಹಾರಿ ಬಂದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಯಾರು ರಿಪೇರಿ ಮಾಡುತ್ತಾರೆ? ಟೆಂಪೋ, ಲಾರಿಗಳಿಗೆ ಆರ್.ಟಿ.ಓ. ಆಫೀಸಿನಲ್ಲಿ ಎಫ್.ಸಿ. ಮಾಡಿಸುವ ಹಾಗೆ ಇದಕ್ಕೂ ಮಾಡಿಸಬೇಕಾ? ನಮ್ಮ ಸೋದರಮಾವ ಬೆಂಗಳೂರಿನಲ್ಲಿ ಒಂದು ಹ್ಯಾಂಗರಿನಲ್ಲಿ ಟೆಕ್ನೀಷಿಯನ್ ಆಗಿದ್ದಾರೆ. ಹ್ಯಾಂಗರ್ ಅಂದರೆ ವಿಮಾನ, ಹೆಲಿಕಾಪ್ಟರ್ ಕಟ್ಟುವ ದೊಡ್ಡ ಕೊಟ್ಟಿಗೆ ಅಂತ ತಿಳಿದುಕೊಳ್ಳಿ. ಅವರನ್ನು ಕೇಳಿ, ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಇಷ್ಟೊಂದು ರಿಪೇರಿ ಯಾಕೆ ಬೇಕು?

ಬಸ್ಸು ಕೆಟ್ಟರೆ ಡ್ರೈವರ್ ರಸ್ತೆ ಪಕ್ಕ ನಿಲ್ಲಿಸುತ್ತಾರೆ. ನಾವು ಇಳಿದು ಹುಣಸೆ ಮರದ ಕೆಳಗೆ ಕೂರುತ್ತೇವೆ. ಆಕಾಶದಲ್ಲಿ ರಸ್ತೆ ಪಕ್ಕ ಎಲ್ಲಿದೆ? ಇದೇ ಮೊದಲನೇ ಕಾರಣ.

ಎರಡನೇ ಕಾರಣ, ಹೆಲಿಕಾಪ್ಟರಿನಲ್ಲಿ ತಿರುಗುವ ಭಾಗಗಳು ಜಾಸ್ತಿ. ಬೆಲ್ 206 ಅಂತ ಒಂದು ಪ್ರಸಿದ್ಧ ಹೆಲಿಕಾಪ್ಟರ್ ಇದೆ. ಅದರ ಎಂಜಿನ್ ಒಳಗಿನ ಚಕ್ರ ನಿಮಿಷಕ್ಕೆ 33 ಸಾವಿರಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಮೇಲಿನ ರೆಕ್ಕೆ ತಿರುಗಿದರೆ ರೆಕ್ಕೆ ಉಳಿಯಲ್ಲ. ಆದ್ದರಿಂದ ಎಂಜಿನ್ನಿನಲ್ಲೇ ಇರುವ ಹಲ್ಲಿನ ಚಕ್ರಗಳು ಅದನ್ನು ಸುಮಾರು 6 ಸಾವಿರಕ್ಕೆ ಇಳಿಸುತ್ತವೆ. ಆಮೇಲೆ ಗೇರ್ ಬಾಕ್ಸ್ ಅದನ್ನು ಸುಮಾರು 395 ಸುತ್ತಿಗೆ ಇಳಿಸಿ ರೆಕ್ಕೆಗೆ ಕೊಡುತ್ತದೆ. ಬಾಲದ ಕಡೆಗೆ ಇನ್ನೊಂದು ಉದ್ದನೆ ಶಾಫ್ಟ್ ಹೋಗಿ ಅಲ್ಲಿ ಸಣ್ಣ ರೆಕ್ಕೆ ತಿರುಗಿಸುತ್ತದೆ. ಬಾಲದ ರೆಕ್ಕೆ ಇಲ್ಲದಿದ್ದರೆ ಹೆಲಿಕಾಪ್ಟರೇ ಬುಗುರಿ ಹಾಗೆ ತಿರುಗಿಬಿಡುತ್ತೆ.

ನಾನು ಮಾವನ್ನ ಕೇಳಿದೆ, “ಮಾವ, ಎಂಜಿನ್ ನಿಂತುಹೋದರೆ ಕಲ್ಲಿನ ಹಾಗೆ ಬೀಳುತ್ತಾ?” ಅಂತ. ಅವರು ನಕ್ಕು, “ಇಲ್ಲ ಕಣವ್ವಾ. ಎಂಜಿನ್ ನಿಂತರೆ ಕೆಳಗಿಂದ ಬರೋ ಗಾಳಿಗೆ ರೆಕ್ಕೆ ಜಾತ್ರೆ ಗಿರಗಿಟ್ಲೆ ಹಾಗೆ ತಿರುಗ್ತಾನೇ ಇರುತ್ತೆ. ಪೈಲಟ್ ಹುಷಾರಾಗಿದ್ದು ಬಯಲು ಸಿಕ್ಕರೆ ಮೆಲ್ಲಗೆ ಇಳಿಸಬಹುದು. ಆದರೆ ಗೇರ್ ಬಾಕ್ಸ್ ಮುರಿದರೆ, ರೆಕ್ಕೆ ಕಿತ್ತರೆ ಯಾರೂ ಏನೂ ಮಾಡಕ್ಕಾಗಲ್ಲ. ಅದಕ್ಕೇ ನಮ್ಮ ಕಣ್ಣೆಲ್ಲ ಅಲ್ಲೇ ಇರುತ್ತೆ” ಅಂದರು.

ಕಬ್ಬಿಣಕ್ಕೂ ಸುಸ್ತಾಗುತ್ತದೆ

ಒಂದು ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯಲ್ಲ. ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಯಾವುದೋ ಒಂದು ಗಳಿಗೆಯಲ್ಲಿ ಪಟ್ಟನೆ ಮುರಿಯುತ್ತದೆ. ಮುರಿಯುವ ಮೊದಲಿನ ಬಗ್ಗಿಗೂ ಹಿಂದಿನ ಬಗ್ಗಿಗೂ ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಆದರೆ ಒಳಗೆ ಕೂದಲಿಗಿಂತ ಸಣ್ಣ ಬಿರುಕು ಹುಟ್ಟಿ ಬೆಳೆಯುತ್ತಾ ಇರುತ್ತದೆ. ಇದಕ್ಕೆ ಲೋಹದ ಆಯಾಸ ಎನ್ನುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ರೆಕ್ಕೆ ನಿಮಿಷಕ್ಕೆ 400 ಸುತ್ತು ತಿರುಗಿದರೆ ಗಂಟೆಗೆ 24,000 ಸುತ್ತು. ರಾಬಿನ್ಸನ್ ಆರ್44 ಎಂಬ ಸಣ್ಣ ಹೆಲಿಕಾಪ್ಟರನ್ನು 2,200 ಗಂಟೆ ಹಾರಿದ ಮೇಲೆ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕು ಎಂದು ಅದನ್ನು ಮಾಡಿದ ಕಂಪನಿ ಹೇಳಿದೆ. ಅಷ್ಟು ಹೊತ್ತಿಗೆ ರೆಕ್ಕೆ ಎಷ್ಟು ಸುತ್ತು ತಿರುಗಿರುತ್ತದೆ ಗೊತ್ತೇ? 5 ಕೋಟಿ 28 ಲಕ್ಷ! ಒಂದೊಂದು ಸುತ್ತಿಗೂ ರೆಕ್ಕೆ ಸ್ವಲ್ಪ ಮೇಲೆ ಕೆಳಗೆ ಬಾಗುತ್ತದೆ. ನಮ್ಮ ತಂತಿ ಎಷ್ಟು ಬಗ್ಗಿಗೆ ಮುರಿಯಿತು ನೆನಪು ಮಾಡಿಕೊಳ್ಳಿ.

ಹೆಚ್ಚು ಹಾರದೆ ಸುಮ್ಮನೆ ನಿಂತಿದ್ದರೂ ಬಿಡುವುದಿಲ್ಲ. 2,200 ಗಂಟೆ ಆಗಲಿ, 12 ವರ್ಷ ಆಗಲಿ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಯಾಕೆಂದರೆ ನಿಂತ ಗಾಡಿಗೂ ತುಕ್ಕು ಹಿಡಿಯುತ್ತದೆ, ರಬ್ಬರ್ ಒಣಗುತ್ತದೆ.

ಕೆಲವು ಭಾಗಗಳಿಗೆ ಇಂತಿಷ್ಟೇ ಗಂಟೆ ಆಯಸ್ಸು ಅಂತ ಬರೆದಿರುತ್ತಾರೆ. ಗಂಟೆ ಮುಗಿದರೆ ಹೊಳೆಯುತ್ತಾ ಇದ್ದರೂ ತೆಗೆದು ಹಾಕಲೇಬೇಕು. “ಚೆನ್ನಾಗೇ ಇದೆಯಲ್ಲ, ಇನ್ನೊಂದು ವರ್ಷ ಬರುತ್ತೆ” ಅನ್ನೋ ಹಾಗಿಲ್ಲ. ತೆಗೆದದ್ದನ್ನು ಯಾರೂ ಮತ್ತೆ ಹಾಕಬಾರದು ಅಂತ ಕೊಯ್ದು ಹಾಳು ಮಾಡುತ್ತಾರೆ. ಇದನ್ನು ಕೇಳಿ ನಮ್ಮಜ್ಜಿ, “ಅಯ್ಯೋ, ಮಿಣಮಿಣ ಅನ್ನೋದನ್ನ ಎಸೀತಾರಾ?” ಎಂದರು. ಮಾವ, “ಅವ್ವ, ಅದು ಮುರಿದ ಮೇಲೆ ಎಸೆಯೋಕೆ ನಾವು ಇರಲ್ಲ” ಎಂದರು.

ಬಿರುಕನ್ನು ಹುಡುಕುವುದು ಹೇಗೆ?

1. ತಟ್ಟಿ ನೋಡುವುದು: ನಮ್ಮೂರಲ್ಲಿ ತೆಂಗಿನಕಾಯಿ ತಟ್ಟಿ ನೋಡುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟುತ್ತಾರೆ. ಒಳ್ಳೆಯದು ಟಣ್ ಎನ್ನುತ್ತದೆ, ಸೀಳಿದ್ದು ಬದ್ದ ಎನ್ನುತ್ತದೆ. ಈಗಿನ ಹೆಲಿಕಾಪ್ಟರ್ ರೆಕ್ಕೆಗಳನ್ನು ನಾರಿನ ಪದರಗಳನ್ನು ಅಂಟಿಸಿ ಮಾಡುತ್ತಾರೆ. ಒಳಗೆ ಅಂಟು ಬಿಟ್ಟಿದೆಯಾ ಅಂತ ನಾಣ್ಯದಲ್ಲೋ ಸಣ್ಣ ಸುತ್ತಿಗೆಯಲ್ಲೋ ತಟ್ಟಿ ಸದ್ದು ಕೇಳುತ್ತಾರೆ. ನಮ್ಮ ಅಜ್ಜಿಯ ವಿದ್ಯೆಯೇ ಹ್ಯಾಂಗರಿನಲ್ಲೂ ನಡೆಯುತ್ತದೆ!

2. ಕೆಂಪು ಬಣ್ಣ: ಲೋಹದ ಭಾಗವನ್ನು ಚೆನ್ನಾಗಿ ತೊಳೆದು ಒಂದು ತೆಳ್ಳಗಿನ ಕೆಂಪು ದ್ರವ ಬಳಿಯುತ್ತಾರೆ. ಅದು ಬಿರುಕಿನೊಳಗೆ ಇಳಿಯುತ್ತದೆ. ಆಮೇಲೆ ಮೇಲಿನದೆಲ್ಲ ಒರೆಸಿ ಬಿಳಿ ಪುಡಿ ಹಾಕುತ್ತಾರೆ. ಒಳಗೆ ಇಳಿದ ಬಣ್ಣವನ್ನು ಪುಡಿ ಹೀರಿಕೊಂಡು ಬಿಳಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಕಣ್ಣಿಗೆ ಕಾಣದ ಬಿರುಕು ಕುಂಕುಮ ಎಳೆದ ಹಾಗೆ ಕಾಣುತ್ತದೆ.

3. ಅಯಸ್ಕಾಂತ: ಇದು ನನಗೆ ತುಂಬಾ ಇಷ್ಟವಾಯಿತು. ಗೇರ್ ಬಾಕ್ಸಿನ ಎಣ್ಣೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟಿರುತ್ತಾರೆ. ಒಳಗೆ ಹಲ್ಲೋ ಬೇರಿಂಗೋ ಸವೆದು ಚೂರು ಉದುರಿದರೆ ಅದು ಬಂದು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಎರಡು ತುದಿಗಳ ನಡುವೆ ಚೂರು ಸೇತುವೆ ಕಟ್ಟಿದರೆ ವಿದ್ಯುತ್ ಹರಿದು ಪೈಲಟ್ ಮುಂದೆ ದೀಪ ಹೊತ್ತುತ್ತದೆ. ನಾವು ಆರನೇ ತರಗತಿಯಲ್ಲಿ ಬಲ್ಬಿಗೆ ತಂತಿ ಜೋಡಿಸಿದೆವಲ್ಲ, ಅದೇ ಪಾಠ. ಎಣ್ಣೆಯನ್ನೂ ಆಗಾಗ ಲ್ಯಾಬಿಗೆ ಕಳಿಸುತ್ತಾರೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸುವ ಹಾಗೆ.

4. ನಟ್ಟು ಬಿಗಿ: ಎತ್ತಿನ ಗಾಡಿ ಚಕ್ರ ಕಳಚದಂತೆ ಕಡಾಣಿ ಹಾಕುತ್ತಾರಲ್ಲ, ಹಾಗೆಯೇ ಅದುರಾಟಕ್ಕೆ ನಟ್ಟು ಸಡಿಲವಾಗದಂತೆ ತಂತಿ ಹೆಣೆದು ಕಟ್ಟುತ್ತಾರೆ. ಎಷ್ಟು ಬಿಗಿ ಮಾಡಬೇಕು ಅನ್ನೋದಕ್ಕೂ ಅಳತೆ ಇದೆ. ಅಳತೆ ತೋರಿಸುವ ಸ್ಪ್ಯಾನರ್ ಬೇರೆಯೇ ಇರುತ್ತೆ. ಜಾಸ್ತಿ ಬಿಗಿದರೂ ತಪ್ಪು, ಕಡಿಮೆ ಬಿಗಿದರೂ ತಪ್ಪು.

5. ಸಾಮಾನು ಎಣಿಸುವುದು: ಕೆಲಸಕ್ಕೆ ಮುಂಚೆ ಎಷ್ಟು ಸ್ಪ್ಯಾನರ್ ಇತ್ತೋ ಕೆಲಸ ಆದ ಮೇಲೂ ಅಷ್ಟೇ ಇರಬೇಕು. ಒಂದು ಸ್ಕ್ರೂಡ್ರೈವರ್ ಸಿಗದೆ ಹೋದರೆ ಹೆಲಿಕಾಪ್ಟರ್ ಹಾರೋ ಹಾಗಿಲ್ಲ. ಹಲಗೆ ಮೇಲೆ ಪ್ರತಿಯೊಂದು ಸಾಮಾನಿನ ನೆರಳಿನಂತೆ ಚಿತ್ರ ಬರೆದಿರುತ್ತಾರೆ. ಯಾವುದು ಕಾಣೆಯಾಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

6. ಎರಡನೇ ಕಣ್ಣು: ಪೈಲಟ್ ಕೈಯಿಂದ ರೆಕ್ಕೆಗೆ ಹೋಗುವ ಕಂಟ್ರೋಲ್ ಸಲಾಕೆಗಳನ್ನು ಬಿಚ್ಚಿ ಜೋಡಿಸಿದರೆ ಮಾಡಿದವರೇ ನೋಡಿದರೆ ಸಾಲದು. ಇನ್ನೊಬ್ಬರು ಬಂದು ಮೊದಲಿಂದ ನೋಡಬೇಕು. ನಮ್ಮ ಲೆಕ್ಕವನ್ನು ನಾವೇ ನೋಡಿಕೊಂಡರೆ ತಪ್ಪು ಕಾಣುತ್ತದೆಯೇ? ಪಕ್ಕದವರು ನೋಡಿದರೆ ತಕ್ಷಣ ಕಾಣುತ್ತದೆ.

ಕಾಗದ ಇಲ್ಲದೆ ಒಂದು ಮೊಳೆಯೂ ಇಲ್ಲ

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಹೌದು, ಹೆಲಿಕಾಪ್ಟರಿಗೂ ಎಫ್.ಸಿ. ಇದೆ, ಹೆಸರು ಮಾತ್ರ ಬೇರೆ. ನಮ್ಮ ಕಡೆಯ ಗಾಡಿಗಳಿಗೆ ಕೆಎ 06 ಅಂತ ನಂಬರ್ ಇರುವ ಹಾಗೆ ಭಾರತದ ಎಲ್ಲ ನಾಗರಿಕ ವಿಮಾನ, ಹೆಲಿಕಾಪ್ಟರಿಗೂ ವಿಟಿ ಎಂದು ಶುರುವಾಗುವ ಹೆಸರು ಇರುತ್ತದೆ. ಇದನ್ನು ಕೊಡುವವರು ದೆಹಲಿಯಲ್ಲಿರುವ ಡಿ.ಜಿ.ಸಿ.ಎ., ಅಂದರೆ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ. ಹಾರಲು ಯೋಗ್ಯ ಎಂಬ ಪ್ರಮಾಣಪತ್ರ ಕೊಡುವವರೂ ಅವರೇ. ಅದರ ಜೊತೆಗೆ ವರ್ಷಕ್ಕೊಮ್ಮೆ ಎಲ್ಲ ಪರಿಶೀಲನೆ ಮಾಡಿಸಿ ಇನ್ನೊಂದು ಪತ್ರ ಪಡೆಯಬೇಕು. ಅದು ಮುಗಿದರೆ ಹಾರುವಂತಿಲ್ಲ. ಮೊದಲು ಇದಕ್ಕೆಲ್ಲ 1934ರ ಕಾಯಿದೆ ಇತ್ತು. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಎಂಬ ಹೊಸ ಕಾಯಿದೆ ಬಂದಿದೆ. ಸೈನ್ಯದ ಹೆಲಿಕಾಪ್ಟರಿಗೆ ಬೇರೆ ವ್ಯವಸ್ಥೆ. ಅವುಗಳ ವಿನ್ಯಾಸ ಸರಿಯಾಗಿದೆಯೇ ಎಂದು ನೋಡಿ ಒಪ್ಪುವ ಸೆಮಿಲಾಕ್ ಎಂಬ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

ಹೆಲಿಕಾಪ್ಟರಿನ ಲಾಗ್ ಬುಕ್ ಅನ್ನು ಆಶಾ ಅಕ್ಕ ಬರೆಯುವ ತಾಯಿ ಕಾರ್ಡಿಗೆ ಹೋಲಿಸಬಹುದು. ಯಾವ ತಿಂಗಳಿಗೆ ಯಾವ ಚುಚ್ಚುಮದ್ದು, ಹಾಕಿದ್ದು ಯಾವತ್ತು, ಮುಂದಿನದು ಯಾವಾಗ, ಎಲ್ಲ ಅದರಲ್ಲಿರುತ್ತದೆ. ಹಾಗೆಯೇ ಇವತ್ತು ಎಷ್ಟು ಹೊತ್ತು ಹಾರಿತು, ಏನು ದೋಷ ಕಂಡಿತು, ಏನು ಸರಿ ಮಾಡಿದರು, ಮುಂದಿನ ಪರೀಕ್ಷೆಗೆ ಎಷ್ಟು ಗಂಟೆ ಬಾಕಿ, ಎಲ್ಲ ಬರೆಯಬೇಕು.

ಹೊಸ ಭಾಗ ಬಂದರೆ ಅದಕ್ಕೂ ಕಾಗದ ಬೇಕು. ಟಿ.ಸಿ. ಇಲ್ಲದೆ ಬೇರೆ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಾರೆಯೇ? ಹಾಗೆಯೇ ಒಂದು ಬೇರಿಂಗ್ ಎಲ್ಲಿ ತಯಾರಾಯಿತು, ಯಾರು ಪರೀಕ್ಷೆ ಮಾಡಿದರು ಎಂಬ ಪತ್ರ ಇಲ್ಲದಿದ್ದರೆ ಅದನ್ನು ಹಾಕುವ ಹಾಗಿಲ್ಲ. ಬೇರಿಂಗ್ ನೋಡೋಕೆ ಚೆನ್ನಾಗಿರಬಹುದು. ಆದರೆ ಅದರ ವಯಸ್ಸು ಎಷ್ಟು ಅಂತ ಬೇರಿಂಗ್ ಬಾಯಿಬಿಟ್ಟು ಹೇಳುತ್ತದೆಯೇ?

ಕೆಲಸ ಎಲ್ಲ ಮುಗಿದ ಮೇಲೆ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕುತ್ತಾರೆ. ಆ ಸಹಿ ಬಿದ್ದರೇನೇ ಹಾರಾಟ. ಮುಂದೆ ಏನಾದರೂ ಆದರೆ ಯಾರು ಸಹಿ ಹಾಕಿದ್ದು ಅಂತ ಪುಸ್ತಕ ತೆಗೆದು ನೋಡುತ್ತಾರೆ. “ಮಾಲೀಕರು ಬೇಗ ಬೇಗ ಅಂದರೆ?” ಎಂದು ನಾನು ಕೇಳಿದೆ. “ಮಂತ್ರಿಗಳು ಕಾಯ್ತಾ ಇದ್ರೂ ಅಷ್ಟೇ. ನೋಡದೆ ಸಹಿ ಹಾಕೋ ಹಾಗಿಲ್ಲ ಕಣವ್ವಾ” ಎಂದರು ಮಾವ.

ಒಂದು ಚೂರಿನ ಕಥೆ

ಇದು ನಡೆದ ಘಟನೆ. ಸ್ಕಾಟ್ಲೆಂಡಿನ ಹತ್ತಿರ ಸಮುದ್ರದಲ್ಲಿ ಎಣ್ಣೆ ಬಾವಿಗಳಿವೆ. ಅಲ್ಲಿಯ ಕೆಲಸಗಾರರು ಹೆಲಿಕಾಪ್ಟರಿನಲ್ಲಿ ಹೋಗಿ ಬರುತ್ತಾರೆ, ನಾವು ಬಸ್ಸಿನಲ್ಲಿ ಗುಬ್ಬಿಗೆ ಹೋದ ಹಾಗೆ. 2009ರ ಮಾರ್ಚ್ 25ರಂದು ಒಂದು ಸೂಪರ್ ಪೂಮಾ ಹೆಲಿಕಾಪ್ಟರಿನ ಗೇರ್ ಬಾಕ್ಸಿನ ಅಯಸ್ಕಾಂತದಲ್ಲಿ ಒಂದು ಲೋಹದ ಚೂರು ಸಿಕ್ಕಿತು. ಕೆಲಸಗಾರರು ಹೆಲಿಕಾಪ್ಟರ್ ತಯಾರಿಸಿದವರನ್ನು ವಿಚಾರಿಸಿದರು. ಒಂದಿಷ್ಟು ಮಾತು ಫೋನಿನಲ್ಲಿ, ಒಂದಿಷ್ಟು ಈಮೇಲಿನಲ್ಲಿ ಆಯಿತು. ಇವರು ಹೇಳಿದ್ದು ಅವರಿಗೆ ಸರಿಯಾಗಿ ಅರ್ಥವಾಗಲಿಲ್ಲ ಎಂದು ತನಿಖೆಯವರು ಆಮೇಲೆ ಬರೆದಿದ್ದಾರೆ. ಗೇರ್ ಬಾಕ್ಸಿನ ಆ ಭಾಗವನ್ನು ಬಿಚ್ಚಿ ನೋಡಲಿಲ್ಲ. ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ಏಪ್ರಿಲ್ 1ರಂದು ಹಲ್ಲಿನ ಚಕ್ರ ಒಡೆದು ರೆಕ್ಕೆಯೇ ಕಳಚಿ ಹೋಯಿತು. ಒಳಗಿದ್ದ 16 ಜನರೂ ಸತ್ತರು.

ಅಯಸ್ಕಾಂತ ತನ್ನ ಕೆಲಸ ಮಾಡಿತ್ತು. ಏಳು ದಿನ ಮೊದಲೇ ಹೇಳಿತ್ತು.

ಎಚ್ಚರಿಕೆ ಇದ್ದರೂ ಸಾಲದ ಸಂದರ್ಭವೂ ಇದೆ. 2016ರ ಏಪ್ರಿಲ್ 29ರಂದು ನಾರ್ವೆ ದೇಶದಲ್ಲಿ ಅದೇ ಜಾತಿಯ ಇನ್ನೊಂದು ಹೆಲಿಕಾಪ್ಟರಿನ ರೆಕ್ಕೆ ಹಾರುತ್ತಿರುವಾಗಲೇ ಕಳಚಿತು. 13 ಜನ ಸತ್ತರು. ಈ ಸಲ ಬಿರುಕು ಹಲ್ಲಿನ ಚಕ್ರದ ಒಳಗೊಳಗೇ ಬೆಳೆದಿತ್ತು. ಅಯಸ್ಕಾಂತದ ದೀಪ ಹೊತ್ತಲೇ ಇಲ್ಲ. ಆ ವರ್ಷ ಯುರೋಪಿನಲ್ಲಿ ಆ ಜಾತಿಯ ಹೆಲಿಕಾಪ್ಟರುಗಳನ್ನು ತಿಂಗಳುಗಟ್ಟಲೆ ಹಾರಿಸಲಿಲ್ಲ. ಇಂಥ ಹೊತ್ತಿನಲ್ಲಿ ಸರ್ಕಾರದವರು ಒಂದು ಆದೇಶ ಹೊರಡಿಸುತ್ತಾರೆ. ಒಂದು ಕಡೆ ದೋಷ ಕಂಡರೆ ಅಂಥದೇ ಹೆಲಿಕಾಪ್ಟರ್ ಇರುವವರೆಲ್ಲ ನೋಡಲೇಬೇಕು ಅಂತ. ಒಂದು ಹೊಲದಲ್ಲಿ ರೋಗ ಕಂಡರೆ ಎಲ್ಲರೂ ತಮ್ಮ ತೋಟ ನೋಡಿಕೊಳ್ಳುವುದಿಲ್ಲವೇ?

ನಮ್ಮ ದೇಶದಲ್ಲೂ ಹೀಗೆ ಆಯಿತು. ಧ್ರುವ ಹೆಲಿಕಾಪ್ಟರ್ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ್ದು. 1992ರಲ್ಲಿ ಮೊದಲ ಸಲ ಹಾರಿತು. 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಒಂದು ಧ್ರುವ ಬಿದ್ದು ಮೂವರು ತೀರಿಕೊಂಡರು. ಸ್ವಾಶ್ ಪ್ಲೇಟ್ ಎಂಬ ಭಾಗ ಮುರಿದಿದ್ದು ತನಿಖೆಯಲ್ಲಿ ಕಂಡಿತು. ಪೈಲಟ್ ಕೈ ಅಲುಗಿಸಿದ್ದನ್ನು ತಿರುಗುವ ರೆಕ್ಕೆಗೆ ಮುಟ್ಟಿಸುವ ತಟ್ಟೆ ಅದು. ತಕ್ಷಣ ಭೂಸೇನೆ, ವಾಯುಸೇನೆ, ನೌಕಾಸೇನೆ ಎಲ್ಲರ ಧ್ರುವಗಳನ್ನೂ ನೆಲದ ಮೇಲೆ ನಿಲ್ಲಿಸಿದರು. ಭೂಸೇನೆ, ವಾಯುಸೇನೆಯವು ಮತ್ತೆ ಹಾರಿದ್ದು ಮೇ ತಿಂಗಳ ಹೊತ್ತಿಗೆ. ಗಡಿಯಲ್ಲಿ, ಹಿಮದಲ್ಲಿ ಅವುಗಳ ಅಗತ್ಯ ಎಷ್ಟಿತ್ತು ಯೋಚಿಸಿ. ಆದರೂ ನಿಲ್ಲಿಸಿದರು. ಇದನ್ನು ಸೋಲು ಅಂತ ಕೆಲವರು ಹೇಳಬಹುದು. ನನಗೆ ಹಾಗೆ ಅನಿಸುವುದಿಲ್ಲ. ಗೊತ್ತಿದ್ದೂ ಹಾರಿಸುವುದೇ ದೊಡ್ಡ ತಪ್ಪು.

ನಮಗೂ ಇದಕ್ಕೂ ಏನು ಸಂಬಂಧ?

ನಾವು ಯಾರೂ ನಾಳೆ ಹೆಲಿಕಾಪ್ಟರ್ ಹತ್ತುವವರಲ್ಲ, ನಿಜ. ಆದರೆ ದಿನಾ ಟೆಂಪೋ ಹತ್ತುತ್ತೇವೆ. ಹೋದ ಮಳೆಗಾಲದಲ್ಲಿ ಒಂದು ಟೆಂಪೋದಲ್ಲಿ ನಾವು ಹದಿನೆಂಟು ಮಂದಿ ಇದ್ದೆವು. ಬ್ರೇಕ್ ಒತ್ತಿದರೆ ಕಿರ್ರ್ ಎನ್ನುತ್ತಿತ್ತು. ಹಿಂದೆ ಕೂತಿದ್ದ ಒಬ್ಬ ಅಜ್ಜ, “ಏನಪ್ಪಾ ಇದು ಸದ್ದು?” ಎಂದರೆ ಡ್ರೈವರ್ ಅಣ್ಣ, “ಎಂಟು ದಿನದಿಂದ ಹಿಂಗೇ ಇದೆ, ಏನೂ ಆಗಲ್ಲ, ಈ ವಾರ ಓಡಲಿ” ಎಂದರು. ಅವತ್ತು ಏನೂ ಆಗಲಿಲ್ಲ. ಇಳಿಜಾರಿನಲ್ಲಿ ಮಾತ್ರ ಯಾರೂ ಮಾತಾಡಲಿಲ್ಲ. ಆ ಸದ್ದು ಅಯಸ್ಕಾಂತಕ್ಕೆ ಅಂಟಿದ ಚೂರಿನ ಹಾಗೆಯೇ ಅಲ್ಲವೇ? ಎಫ್.ಸಿ. ಕಾಗದ ಗಾಜಿಗೆ ಅಂಟಿಸಿದ್ದರೆ ಸಾಲದು, ಗಾಡಿ ನಿಜವಾಗಿಯೂ ಫಿಟ್ ಇರಬೇಕು. ಸದ್ದು ಬಂದಾಗ ಕೇಳುವುದು, ಕೇಳಿದವರಿಗೆ ಉತ್ತರ ಕೊಡುವುದು, ಇವೆರಡೂ ಬೇಕು.

ಇನ್ನೊಂದು ವಿಷಯ. ಹೆಲಿಕಾಪ್ಟರ್ ರಿಪೇರಿ ಕಲಿಯಲು ಆಸೆ ಇರುವವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಳ್ಳಬೇಕು. ಆಮೇಲೆ ಡಿ.ಜಿ.ಸಿ.ಎ. ಪರೀಕ್ಷೆ ಪಾಸು ಮಾಡಿ, ಕೆಲಸದ ಅನುಭವ ಪಡೆದು ಲೈಸೆನ್ಸ್ ಪಡೆಯಬೇಕು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ ಎಂದು ನನಗೆ ಹೆದರಿಕೆಯಾಯಿತು. ಆಗ ಮಾವ ಒಂದು ಒಳ್ಳೆ ಸಂಗತಿ ಹೇಳಿದರು. ಪ್ರಪಂಚದಲ್ಲಿ ಎಷ್ಟೋ ಭಾಷೆಯ ಜನ ಈ ಕೆಲಸ ಮಾಡುವುದರಿಂದ ಈ ಪುಸ್ತಕಗಳನ್ನು ಬರೆಯಲು ಬೇರೆಯೇ ಒಂದು ಸುಲಭ ಇಂಗ್ಲಿಷ್ ಮಾಡಿದ್ದಾರೆ. ಒಂದು ಪದಕ್ಕೆ ಒಂದೇ ಅರ್ಥ. ಕೆಲಸ ಹೇಳುವ ವಾಕ್ಯದಲ್ಲಿ 20 ಪದಕ್ಕಿಂತ ಹೆಚ್ಚು ಇರಬಾರದು. ಅಂದರೆ ಕನ್ನಡ ಶಾಲೆಯಲ್ಲಿ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ಮಾವ ಕೂಡ ಕನ್ನಡ ಶಾಲೆಯಲ್ಲೇ ಓದಿದವರು. ಹ್ಯಾಂಗರಿನಲ್ಲಿ ಹೆಣ್ಣುಮಕ್ಕಳೂ ಕೆಲಸ ಮಾಡುತ್ತಾರಂತೆ. ಇದನ್ನು ನಮ್ಮ ತರಗತಿಯ ಹುಡುಗಿಯರು ಎರಡು ಸಲ ಓದಿರಿ.

ಮಾಡಿ ನೋಡಿ

ಒಂದೇ ಸುರುಳಿಯಿಂದ ಐದು ತುಂಡು ತಂತಿ ಕತ್ತರಿಸಿ. ಒಂದೊಂದನ್ನೂ ಒಂದೇ ಸಮನೆ ಬಗ್ಗಿಸುತ್ತಾ ಎಷ್ಟನೇ ಬಗ್ಗಿಗೆ ಮುರಿಯಿತು ಎಂದು ಬರೆಯಿರಿ. ಐದೂ ಒಂದೇ ಲೆಕ್ಕಕ್ಕೆ ಮುರಿಯುವುದಿಲ್ಲ. ಈಗ ಹೇಳಿ, ಆರನೇ ತಂತಿಯನ್ನು ಎಷ್ಟು ಸಲ ಬಗ್ಗಿಸುವುದಕ್ಕೆ ನೀವು ಧೈರ್ಯವಾಗಿ ಸಹಿ ಹಾಕುತ್ತೀರಿ? ನಿಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದು ಕಾರಣದ ಸಮೇತ ವಿಜ್ಞಾನ ಮೇಷ್ಟ್ರಿಗೆ ಕೊಡಿ. ಒಳ್ಳೆಯ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಬರೆದು ಅಂಟಿಸುತ್ತೇವೆ. ತಂತಿಯ ತುದಿ ಚುಚ್ಚುತ್ತದೆ, ಜೋಪಾನ.

— 7ನೇ ತರಗತಿಯ ವಿದ್ಯಾರ್ಥಿನಿ